ಐರನ್ ಮೇಡನ್ ಮೊದಲ ಆಲ್ಬಂ ಬರೋ ಮುಂಚೆ ಬಂದವರೆಷ್ಟು, ಹೋದವರೆಷ್ಟು? ದಾವಣಗೆರೆ–ದುರ್ಗದ ರಾಕ್ ಮಂದಿ ಸ್ವಲ್ಪ ಬನ್ನಿ

ಹದಡಿ ರಸ್ತೆ ಬೇಸ್

ಎಲ್ಲರಿಗೂ ನಮಸ್ಕಾರ. ನಮ್ಮ ಬ್ಯಾಂಡ್ ಮತ್ತೆ ಅರ್ಧ ಆಗಿದೆ. ಡ್ರಮ್ಮರ್‌ಗೆ ಬೆಂಗಳೂರಲ್ಲಿ ಕೆಲಸ ಸಿಕ್ತು, ಹೋದ. ಹಾಡುವವನು ಕೋಚಿಂಗ್ ಅಂತ ಧಾರವಾಡಕ್ಕೆ ಹೊರಟ. ಉಳಿದದ್ದು ನಾನು, ಇನ್ನೊಬ್ಬ ಗಿಟಾರಿಸ್ಟ್. ಅವನೂ ನಿನ್ನೆ ವಿದ್ಯಾನಗರದಲ್ಲಿ ದೋಸೆ ತಿನ್ನುತ್ತಾ, "ಇನ್ನು ಸಾಕು, ಹೆಸರು ಮುಚ್ಚಿಬಿಡೋಣ, ಜನ ನಗ್ತಾರೆ" ಅಂದ.

ನಾನು ಅವನಿಗೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಕಥೆ ಹೇಳೋಕೆ ಶುರು ಮಾಡಿದೆ. ಅರ್ಧಕ್ಕೇ ಎದ್ದು ಹೋದ. ಅದಕ್ಕೇ ಇಲ್ಲಿ ಪೂರ್ತಿ ಬರೀತಿದ್ದೀನಿ.

ಮೇಡನ್ ಕಟ್ಟಿದ ಸ್ಟೀವ್ ಹ್ಯಾರಿಸ್ ಅದಕ್ಕೂ ಮುಂಚೆ ಸ್ಮೈಲರ್ ಅನ್ನೋ ಬ್ಯಾಂಡಲ್ಲಿ ಬೇಸ್ ನುಡಿಸುತ್ತಿದ್ದ. ಉಳಿದವರೆಲ್ಲ ಅವನಿಗಿಂತ ದೊಡ್ಡವರು. ಇವನು ಬರೆದ ಟ್ಯೂನ್ ತಂದರೆ, ಇಷ್ಟೊಂದು ತಿರುವು ಯಾಕೆ, ಇದನ್ನು ನುಡಿಸೋದು ಕಷ್ಟ ಅಂತ ಪಕ್ಕಕ್ಕಿಟ್ಟರು. ಇವನು ಹೊರಗೆ ಬಂದ. 1975ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ಪೂರ್ವ ಲಂಡನ್ನಿನಲ್ಲಿ ತನ್ನದೇ ಬ್ಯಾಂಡ್ ಶುರು ಮಾಡಿದ. ಹಾಡೋಕೆ ಪಾಲ್ ಡೇ, ಗಿಟಾರಿಗೆ ಡೇವ್ ಸಲಿವನ್ ಮತ್ತು ಟೆರ್ರಿ ರಾನ್ಸ್, ಡ್ರಮ್ಸಿಗೆ ರಾನ್ ಮ್ಯಾಥ್ಯೂಸ್. ಮೊದಲ ಕಾರ್ಯಕ್ರಮ 1976ರ ಮೇ 1ಕ್ಕೆ. ಹೆಸರು ಹ್ಯಾರಿಸ್‌ದು, ಹಾಡೂ ಹೆಚ್ಚುಕಮ್ಮಿ ಅವನದ್ದೇ. ಉಳಿದ ಈ ನಾಲ್ವರಲ್ಲಿ ಒಬ್ಬನೂ 1980ರ ಮೊದಲ ಆಲ್ಬಂನಲ್ಲಿ ಇಲ್ಲ!

ಮೊದಲು ಹೋದವನು ಪಾಲ್ ಡೇ. ಸ್ವರ ಚೆನ್ನಾಗಿತ್ತು, ಆದರೆ ಸ್ಟೇಜ್ ಮೇಲೆ ಸುಮ್ನೆ ನಿಂತಿರುತ್ತಿದ್ದ ಅನ್ನೋ ದೂರು. ಅವನ ಜಾಗಕ್ಕೆ ಡೆನ್ನಿಸ್ ವಿಲ್ಕಾಕ್ ಬಂದ. ಇವನು ತದ್ವಿರುದ್ಧ. ಕಿಸ್ ಬ್ಯಾಂಡಿನ ಹುಚ್ಚು, ಮುಖಕ್ಕೆ ಬಣ್ಣ, ಬಾಯಲ್ಲಿ ನಕಲಿ ರಕ್ತ. ಅವನು ತನ್ನ ದೋಸ್ತ್ ಡೇವ್ ಮರ್ರಿಯನ್ನು ಗಿಟಾರಿಗೆ ಕರೆತಂದ. ಹಳೇ ಗಿಟಾರಿಸ್ಟ್‌ಗಳಿಬ್ಬರಿಗೂ ಇದು ಇಷ್ಟ ಆಗಲಿಲ್ಲ. ಹ್ಯಾರಿಸ್ ಏನು ಮಾಡಿದ ಗೊತ್ತಾ? ಬ್ಯಾಂಡನ್ನೇ ಸ್ವಲ್ಪ ದಿನ ಮುಚ್ಚಿದ. ಆಮೇಲೆ ಮರ್ರಿಯನ್ನು ಇಟ್ಟುಕೊಂಡು ಮತ್ತೆ ತೆರೆದ. ಅವರಿಬ್ಬರೂ ಹೊರಗೆ.

ಅಂದ್ರೆ ಮೇಡನ್ ಕೂಡ ಒಮ್ಮೆ ಮುಚ್ಚಿತ್ತು. ನನ್ನ ಗಿಟಾರಿಸ್ಟ್ ಇದನ್ನು ಓದಲಿ ಅಂತಲೇ ಬರೆದೆ. ಮುಂದಿನದು ಗೊತ್ತಿರೋರು ಸೇರಿಸಿ.

ಬೆಣ್ಣೆ ಜಾಸ್ತಿ

ಏನೇ ಹೇಳು ಗುರು, ಹಾಡೋಕೆ ಬ್ರೂಸ್ ಡಿಕಿನ್ಸನ್ ಬರೋ ಮುಂಚಿನದೆಲ್ಲ ಟ್ರೇಲರ್. ಸಿನಿಮಾ 1982ಕ್ಕೆ ಶುರು. ಈ ವಿಲ್ಕಾಕ್, ರಾನ್ಸ್ ಎಲ್ಲ ಕ್ವಿಜ್‌ನಲ್ಲಿ ಕೇಳೋ ಹೆಸರುಗಳು.

ಹಳೇ ಕ್ಯಾಸೆಟ್

ಬೆಣ್ಣೆ ತಮ್ಮಾ, ಆ ಟ್ರೇಲರ್ ನೋಡೇ ಜನ ಥಿಯೇಟರಿಗೆ ಬಂದಿದ್ದು.

ನಾನು ಮೊದಲು ಕೇಳಿದ್ದು, ಬ್ರೂಸ್‌ಗಿಂತ ಮುಂಚೆ ಇದ್ದ ಪಾಲ್ ಡಿಯಾನೊ ಹಾಡಿದ ಮೇಡನ್. ಬೆಂಗಳೂರಿಂದ ಯಾರೋ ತಂದ ಕ್ಯಾಸೆಟ್, ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ನನ್ನ ಕೈಗೆ ಬರೋ ಹೊತ್ತಿಗೆ ಹಾಡಿಗಿಂತ ಸೊಯ್ ಅನ್ನೋ ಸದ್ದೇ ಜಾಸ್ತಿ. ಲೇಬಲ್ ಮೇಲೆ ನೀಲಿ ಪೆನ್ನಿಂದ "ಐರನ್ ಮೇಡಂ" ಅಂತ ಬರೆದಿತ್ತು. ಡಿಕಿನ್ಸನ್ ಸ್ವರ ಆಮೇಲೆ ಕೇಳಿದಾಗ ಬೇರೆ ಬ್ಯಾಂಡ್ ಅಂದುಕೊಂಡವರು ನಮ್ಮ ಗುಂಪಲ್ಲಿ ಬಹಳ ಜನ.

ಹದಡಿ ಬಿಟ್ಟಲ್ಲಿಂದ ಹೇಳ್ತೀನಿ. ವಿಲ್ಕಾಕ್‌ಗೂ ಮರ್ರಿಗೂ ಜಗಳ ಆಯಿತು. ಕರೆತಂದವನೇ ಪಟ್ಟು ಹಿಡಿದು 1977ರಲ್ಲಿ ಮರ್ರಿಯನ್ನು ಹೊರಗೆ ಹಾಕಿಸಿದ. ಮರ್ರಿ ಹೋಗಿ ಬಾಲ್ಯದ ಗೆಳೆಯ ಏಡ್ರಿಯನ್ ಸ್ಮಿತ್‌ನ ಅರ್ಚಿನ್ ಬ್ಯಾಂಡ್ ಸೇರಿಕೊಂಡ. ಈ ಏಡ್ರಿಯನ್ ಹೆಸರು ನೆನಪಿಟ್ಟುಕೊಳ್ಳಿ. 1978ರಲ್ಲಿ ವಿಲ್ಕಾಕ್ ತಾನೇ ಕೈಕೊಟ್ಟು ಹೋದ, ಹ್ಯಾರಿಸ್ ಮರ್ರಿಯನ್ನು ವಾಪಸ್ ಕರೆದ. ಅವತ್ತಿಂದ ಇವತ್ತಿನವರೆಗೂ ಆ ಮನುಷ್ಯ ಕದಲಿಲ್ಲ. ಆಗ ಗಿಟಾರಿಗಿದ್ದ ಟೆರ್ರಿ ವಾಪ್ರಮ್‌ಗೆ ಮರ್ರಿ ಬರೋದು ಬೇಡವಾಗಿತ್ತು. ಅವನನ್ನು ಕಳಿಸಿದರು.

ಆಮೇಲೆ ಸುಮಾರು ದಿನ ಹಾಡುವವರೇ ಇಲ್ಲ. ಹ್ಯಾರಿಸ್, ಮರ್ರಿ, ಡ್ರಮ್ಮರ್ ಡಗ್ ಸ್ಯಾಂಪ್ಸನ್ ಮೂವರೇ ಪ್ರಾಕ್ಟೀಸ್. 1978ರ ಕೊನೆಗೆ ಪಾಲ್ ಡಿಯಾನೊ ಸಿಕ್ಕ. ಗಂಟಲಲ್ಲಿ ಮರಳು ತುಂಬಿದ ಹಾಗೆ ಸ್ವರ, ಪಂಕ್ ಹುಡುಗನ ತರ ಕತ್ತರಿಸಿದ ಕೂದಲು.

ಅದೇ ವರ್ಷದ ಡಿಸೆಂಬರ್ 30, 31ಕ್ಕೆ ಕೇಂಬ್ರಿಡ್ಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡು ಡೆಮೊ (ಮಾದರಿ ರೆಕಾರ್ಡಿಂಗ್) ಮಾಡಿದರು. ಊರೆಲ್ಲ ಹೊಸ ವರ್ಷದ ಗದ್ದಲದಲ್ಲಿತ್ತು, ಇವರು ಸ್ಟುಡಿಯೋದಲ್ಲಿ. ಮಾಸ್ಟರ್ ಟೇಪ್ ಕೊಳ್ಳೋಕೆ ಕಾಸಿರಲಿಲ್ಲ. ದುಡ್ಡು ಹೊಂದಿಸಿಕೊಂಡು ವಾಪಸ್ ಹೋಗೋಷ್ಟರಲ್ಲಿ ಸ್ಟುಡಿಯೋದವರು ಆ ಟೇಪ್ ಮೇಲೆ ಬೇರೆಯವರದ್ದನ್ನು ರೆಕಾರ್ಡ್ ಮಾಡಿಬಿಟ್ಟಿದ್ದರು. ಕೈಯಲ್ಲಿ ಉಳಿದದ್ದು ಮೊದಲ ಮಿಕ್ಸ್ ಒಂದೇ.

ಅದನ್ನೇ ಬ್ಯಾಂಡ್‌ವ್ಯಾಗನ್ ಅನ್ನೋ ಕ್ಲಬ್ಬಿನ ಡಿಜೆ ನೀಲ್ ಕೇ ಕೈಗೆ ಕೊಟ್ಟರು. ಅವನು ಹಾಕಿದ, ಹಾಕಿದ, ಹಾಕ್ತಾನೇ ಇದ್ದ. ಅವನ ಚಾರ್ಟು ಸೌಂಡ್ಸ್ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು, ಅದರಲ್ಲಿ ಇವರ ಹಾಡು ಒಂದನೇ ಸ್ಥಾನಕ್ಕೆ ಹೋಯಿತು. ಕಂಪನಿ ಇಲ್ಲ, ರೆಕಾರ್ಡ್ ಇಲ್ಲ, ಬರೀ ಡೆಮೊ! 1979ರ ನವೆಂಬರಲ್ಲಿ ಅದರಿಂದ ಮೂರು ಹಾಡು ತೆಗೆದು ತಾವೇ 5000 ಪ್ರತಿ ಮಾಡಿಸಿದರು. ಅಂಗಡಿಗೆ ಕೊಡಲಿಲ್ಲ, ಅಂಚೆಯಲ್ಲೇ ಮಾರಿದರು. ಮೊದಲ ವಾರಕ್ಕೇ 3000 ಖಾಲಿ.

(ಸುಮ್ನೆ ಒಂದು ಮಾತು: ನಮ್ಮೂರ ಬಿಐಇಟಿ ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದೂ 1979ರಲ್ಲೇ. ಸಂಬಂಧ ಏನೂ ಇಲ್ಲ. ನಾನು ಅಲ್ಲಿ ಓದಿದವನು, ಅಷ್ಟೇ.)

ಕೀಬೋರ್ಡ್ ಅಕ್ಕ

ಟೋನಿ ಮೂರ್ ಹೆಸರು ಯಾರೂ ಹೇಳಲ್ಲ ಅಂತ ಗೊತ್ತಿತ್ತು ನನಗೆ!

ಮರ್ರಿಯನ್ನು ತೆಗೆದ ಮೇಲೆ 1977ರಲ್ಲಿ ಎರಡನೇ ಗಿಟಾರ್ ಬದಲು ಕೀಬೋರ್ಡ್ ಇಟ್ಟು ನೋಡೋಣ ಅಂದರು. ಟೋನಿ ಮೂರ್ ಬಂದರು. ಎಷ್ಟು ಕಾರ್ಯಕ್ರಮ ನುಡಿಸಿದರು ಗೊತ್ತಾ? ಒಂದು. ಒಂದೇ ಒಂದು. ಮೇಡನ್‌ಗೆ ಕೀಬೋರ್ಡ್ ಹೊಂದಲ್ಲ ಅಂತ ಅವತ್ತೇ ತೀರ್ಮಾನ ಆಯಿತು.

ನಾನು ದುರ್ಗದಲ್ಲಿ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸ್ತೀನಿ. ಗಣಪತಿ ಸೀಸನ್ ಬಂದರೆ ಊಟಕ್ಕೂ ಪುರುಸೊತ್ತಿರಲ್ಲ. ಅಲ್ಲಿ ನಾನಿಲ್ಲದೆ ಏನೂ ನಡೆಯಲ್ಲ. ಕೊಳಲು ನಾನೇ, ವಯಲಿನ್ ನಾನೇ, ಶಹನಾಯಿ ನಾನೇ. ಆದರೆ ರಾಕ್ ಹುಡುಗರು ಬ್ಯಾಂಡ್ ಕಟ್ಟುವಾಗ, "ಅಕ್ಕಾ, ಈ ಹಾಡಿಗೆ ಬೇಡ, ಮುಂದಿನದಕ್ಕೆ ನೋಡೋಣ" ಅಂತಾರೆ. ಆ ಮುಂದಿನದು ಇನ್ನೂ ಬಂದಿಲ್ಲ.

ತಮಾಷೆ ಏನು ಅಂದ್ರೆ, 1988ರ ಆಲ್ಬಂ ಹೊತ್ತಿಗೆ ಮೇಡನ್ ಹಾಡುಗಳಲ್ಲಿ ಕೀಬೋರ್ಡ್ ಧಾರಾಳವಾಗಿದೆ. ಹತ್ತು ವರ್ಷ ತಡ ಆಯಿತು, ಅಷ್ಟೇ. ಟೋನಿ ಮೂರ್ ಆಮೇಲೆ ಕಟಿಂಗ್ ಕ್ರೂ ಬ್ಯಾಂಡಲ್ಲಿ ನುಡಿಸಿದರು. ಒಳ್ಳೇದೇ ಆಯಿತು ಬಿಡಿ.

ಡಬಲ್ ಪೆಡಲ್

ಡ್ರಮ್ಮರ್‌ಗಳ ಪಾಲು ನನ್ನದು.

ಡಗ್ ಸ್ಯಾಂಪ್ಸನ್ ಡೆಮೊದಲ್ಲಿ ನುಡಿಸಿದವನು. ಹ್ಯಾರಿಸ್‌ಗೆ ಸ್ಮೈಲರ್ ಕಾಲದಿಂದಲೇ ಗೊತ್ತು. ವ್ಯಾನಲ್ಲಿ ಮಲಗಿ, ಚಳಿಯಲ್ಲಿ ಊರೂರು ತಿರುಗಿ ಅವನ ಆರೋಗ್ಯ ಕೆಟ್ಟಿತು. 1979ರ ಡಿಸೆಂಬರಲ್ಲಿ ಇಎಂಐ ರೆಕಾರ್ಡ್ ಕಂಪನಿ ಜೊತೆ ಒಪ್ಪಂದ ಆಗೋ ಹೊತ್ತಿಗೇ ಬಿಟ್ಟ. ವಿಚಾರ ಮಾಡಿ. ಕಷ್ಟದ ಕಾಲ ಪೂರ್ತಿ ನುಡಿಸಿದ್ದಾನೆ, ಕಂಪನಿ ಬಾಗಿಲಿಗೆ ಬಂದಾಗ ಆಗಲ್ಲ ಅಂದಿದ್ದಾನೆ. ಗಿಟಾರಿಸ್ಟ್ ಟೋನಿ ಪಾರ್ಸನ್ಸ್ ಅಂತೂ ಆ ಸೆಪ್ಟೆಂಬರಲ್ಲಿ ಬಂದು ಡಿಸೆಂಬರಲ್ಲಿ ಹೊರಗೆ. ಕಣ್ಣು ಮುಚ್ಚಿ ಬಿಡೋಷ್ಟರಲ್ಲಿ.

ಪಾರ್ಸನ್ಸ್ ಜಾಗಕ್ಕೆ ಮೊದಲು ಕರೆದದ್ದು ಏಡ್ರಿಯನ್ ಸ್ಮಿತ್‌ನನ್ನು. ಅರ್ಚಿನ್ ಬಿಟ್ಟು ಬರಲ್ಲ ಅಂದ. ಹಾಗಾಗಿ ಡೆನ್ನಿಸ್ ಸ್ಟ್ರಾಟನ್ ಬಂದ. ಸ್ಟ್ರಾಟನ್ ತನಗೆ ಗೊತ್ತಿದ್ದ ಡ್ರಮ್ಮರ್ ಕ್ಲೈವ್ ಬರ್‌ನನ್ನು ಕರೆತಂದ. ಮೊದಲ ಆಲ್ಬಂ 1980ರ ಏಪ್ರಿಲ್ 14ಕ್ಕೆ ಬಂತು, ಬ್ರಿಟನ್ ಚಾರ್ಟಲ್ಲಿ ನಾಲ್ಕನೇ ಸ್ಥಾನ. ಅದೇ ವರ್ಷ ಕಿಸ್ ಜೊತೆ ಯೂರೋಪ್ ಸುತ್ತಿ ಬಂದ ಮೇಲೆ ಅಕ್ಟೋಬರಲ್ಲಿ ಸ್ಟ್ರಾಟನ್ ಔಟ್. ಅವನ ರುಚಿ ಮೆತ್ತಗಿನ ಹಾಡುಗಳ ಕಡೆ ಜಾಸ್ತಿ, ಮ್ಯಾನೇಜರ್ ರಾಡ್ ಸ್ಮಾಲ್‌ವುಡ್‌ಗೂ ಅವನಿಗೂ ಸರಿಬರುತ್ತಿರಲಿಲ್ಲ. ಅಷ್ಟೊತ್ತಿಗೆ ಅರ್ಚಿನ್ ಮುಚ್ಚಿತ್ತು. ಏಡ್ರಿಯನ್ ಈಗ ಹೂಂ ಅಂದ.

ಕ್ಲೈವ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೊದಲ ಮೂರು ಆಲ್ಬಂ ಹೆಡ್‌ಫೋನ್ ಹಾಕಿಕೊಂಡು ಬರೀ ಹೈ-ಹ್ಯಾಟ್ (ಕಾಲಲ್ಲಿ ಮುಚ್ಚಿ ತೆರೆಯೋ ಜೋಡಿ ತಾಳ) ಕೇಳಿ. ಹಾಡು ಓಡ್ತಿರುತ್ತೆ, ಅವನು ಮಾತ್ರ ಅವಸರ ಮಾಡಲ್ಲ. ಸ್ನೇರ್ ಏಟು ಬೀಳೋ ಮುಂಚೆ ಕೂದಲೆಳೆಯಷ್ಟು ಜಾಗ ಬಿಡ್ತಾನೆ, ಆ ಜಾಗದಲ್ಲೇ ಹ್ಯಾರಿಸ್ ಬೇಸ್ ಕುದುರೆ ತರ ನುಗ್ಗೋದು. 1982ರ ಡಿಸೆಂಬರಲ್ಲಿ ಅವನೂ ಹೋದ, ಟ್ರಸ್ಟ್ ಬ್ಯಾಂಡಿನ ನಿಕೋ ಮೆಕ್‌ಬ್ರೇನ್ ಬಂದ. 1983ರ ಆಲ್ಬಂ ಹಾಕಿ, ಮೊದಲ ಸದ್ದೇ ನಿಕೋನ ಡ್ರಮ್. ಹೊಸಬ ಬಂದಿದ್ದಾನೆ ಅಂತ ಬೋರ್ಡ್ ಹಾಕಿದ ಹಾಗಿದೆ. ಇನ್ನೊಂದು ವಿಷಯ: ನಿಕೋ ಅಷ್ಟೆಲ್ಲ ನುಡಿಸಿದ್ದು ಬೇಸ್ ಡ್ರಮ್‌ಗೆ ಎರಡು ಕಾಲು ಬಳಸದೆ, ಒಂದೇ ಪೆಡಲಲ್ಲಿ. ನನ್ನ ಯೂಸರ್‌ನೇಮ್ ನೋಡಿ ನಗಬೇಡಿ.

ಕೋಟೆ ಕಡೆಯವ

ಎಲ್ಲರೂ ಹ್ಯಾರಿಸ್‌ನನ್ನು ಹೊಗಳ್ತಿದ್ದೀರಿ. ನಾನು ಸ್ವಲ್ಪ ಆ ಕಡೆ ನಿಂತು ಮಾತಾಡ್ತೀನಿ.

ನಮ್ಮ ತಾತ ನಾಟಕ ಕಂಪನಿಗಳ ಹಿಂದೆ ತಿರುಗಿದವರು. ದಾವಣಗೆರೆ ಅಂದ್ರೆ ಅವರಿಗೆ ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿ. ಕಂಪನಿಯಲ್ಲಿ ರಾಜಪಾರ್ಟಿನವನು ಮುನಿಸಿಕೊಂಡು ಹೋದರೆ ನಾಳೆ ಇನ್ನೊಬ್ಬ ಅದೇ ಕಿರೀಟ ಹಾಕಿಕೊಳ್ಳುತ್ತಿದ್ದ, ಬೋರ್ಡ್ ಮಾತ್ರ ಅದೇ. ಮೇಡನ್ ನಡೆದದ್ದೂ ಹಾಗೇ. ಸ್ಟೀವ್ ಹ್ಯಾರಿಸ್ ಮಾಲೀಕ, ಉಳಿದವರು ಪಾತ್ರಧಾರಿಗಳು. ಇದು ತಪ್ಪು ಅಂತಿಲ್ಲ. ಆದರೆ ಕಿರೀಟ ಇಳಿಸಿ ಹೋದವನ ಕಥೆಯನ್ನೂ ಯಾರಾದರೂ ಹೇಳಬೇಕಲ್ವಾ?

ಕ್ಲೈವ್ ಬರ್ ಹೋದ ರೀತಿಯನ್ನು ಡಬಲ್ ಪೆಡಲ್ ಒಂದೇ ಸಾಲಲ್ಲಿ ಮುಗಿಸಿದ. ಬ್ಯಾಂಡಿನವರು ಪ್ರವಾಸದ ಒತ್ತಡ, ಕುಡಿತ ಅಂತ ಕಾರಣ ಕೊಟ್ಟರು. ಕ್ಲೈವ್ ಆಮೇಲೆ ಹೇಳಿದ್ದೇ ಬೇರೆ. ತಂದೆ ತೀರಿಕೊಂಡರು ಅಂತ ಪ್ರವಾಸದ ಮಧ್ಯೆ ಮನೆಗೆ ಹೋಗಿದ್ದ, ವಾಪಸ್ ಬಂದಾಗ ಬ್ಯಾಂಡಲ್ಲಿ ತನಗೆ ಜಾಗ ಇರಲಿಲ್ಲ ಅಂದ. ಯಾವುದು ಎಷ್ಟು ನಿಜವೋ ಅವರವರಿಗೇ ಗೊತ್ತು. ಆಮೇಲೆ ಅವನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂತು, ಗಾಲಿಕುರ್ಚಿ ಹಿಡಿದ. 2002ರಲ್ಲಿ ಮೇಡನ್‌ನವರು ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಅವನ ನೆರವಿಗೆ ಮೂರು ಕಾರ್ಯಕ್ರಮ ಕೊಟ್ಟರು. ಅದನ್ನು ಒಪ್ಪಲೇಬೇಕು. 2013ರಲ್ಲಿ ತೀರಿಕೊಂಡ.

ಡಿಯಾನೊದ್ದು ಇನ್ನೊಂದು ದಾರಿ. ಕುಡಿತ, ಕೊಕೇನ್ ಎರಡೂ ಇತ್ತು ಅಂತ ಅವನೇ ಒಪ್ಪಿಕೊಂಡಿದ್ದ. ಎರಡನೇ ಆಲ್ಬಂ ಪ್ರವಾಸದಲ್ಲಿ ಕಾರ್ಯಕ್ರಮಗಳು ಕೈಕೊಡತೊಡಗಿದವು. 1981ರ ಸೆಪ್ಟೆಂಬರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊನೆಯ ಬಾರಿ ಹಾಡಿದ. ಆಮೇಲೆ ಅವನು ಕಟ್ಟಿದ ಬ್ಯಾಂಡುಗಳು ಒಂದೆರಡಲ್ಲ, ಯಾವುದೂ ನಿಲ್ಲಲಿಲ್ಲ. ಕಾಲಿನ ತೊಂದರೆಯಿಂದ ಕೊನೆಗೆ ಅವನೂ ಗಾಲಿಕುರ್ಚಿಯಲ್ಲೇ ಹಾಡುತ್ತಿದ್ದ. 2024ರ ಅಕ್ಟೋಬರಲ್ಲಿ ಹೋದ.

ಹದಡಿ, ಹೆಸರು ಉಳಿಸೋ ಉಮೇದಿನಲ್ಲಿ ಧಾರವಾಡಕ್ಕೆ ಹೋದ ಹುಡುಗನಿಗೆ ಒಂದು ಫೋನ್ ಮಾಡಿದ್ದೀಯಾ ಇಲ್ವಾ?

ಬೆಣ್ಣೆ ಜಾಸ್ತಿ

ಕೋಟೆ ಅಣ್ಣ ಬಂದರೆ ಹಬ್ಬದ ಮನೇಲೂ ಅಳು ಗ್ಯಾರಂಟಿ 😅

ಬ್ರೂಸ್ ಬಂದದ್ದು ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ಸ್ಯಾಮ್ಸನ್ ಬ್ಯಾಂಡಲ್ಲಿದ್ದ. 1981ರ ರೀಡಿಂಗ್ ಉತ್ಸವದಲ್ಲಿ ಸ್ಮಾಲ್‌ವುಡ್ ಹೋಗಿ ಮಾತಾಡಿಸಿದ, ಅಕ್ಟೋಬರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಮೊದಲ ಕಾರ್ಯಕ್ರಮ. 1982ರ ಮಾರ್ಚಲ್ಲಿ ಬಂದ ಆಲ್ಬಂ ಬ್ರಿಟನ್‌ನಲ್ಲಿ ಒಂದನೇ ಸ್ಥಾನ. ಸ್ಯಾಮ್ಸನ್ ಜೊತೆಗಿನ ಒಪ್ಪಂದದ ತಕರಾರು ಇದ್ದದ್ದರಿಂದ ಆ ಆಲ್ಬಂನ ಒಂದು ಹಾಡಿನಲ್ಲೂ ಬರೆದವರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಬರೆಯೋಕೆ ಕೈ ಹಾಕಿದ್ದ, ಹೆಸರು ಹಾಕಿಕೊಳ್ಳೋ ಹಾಗಿರಲಿಲ್ಲ. ಹೀಗೂ ಇರುತ್ತೆ.

ಹದಡಿ ರಸ್ತೆ ಬೇಸ್

ಕೋಟೆ ಅಣ್ಣ, ಫೋನ್ ಮಾಡಿದೆ. ನಿಮ್ಮ ಮೆಸೇಜ್ ಓದಿದ ಮೇಲೇ ಮಾಡಿದ್ದು. ಅವನೇನೂ ಬೇಜಾರಲ್ಲಿಲ್ಲ, ಹಾಸ್ಟೆಲ್ ಊಟದ ಬಗ್ಗೆಯೇ ಅರ್ಧ ಗಂಟೆ ಮಾತಾಡಿದ.

ಆದರೆ ಹೆಸರಿನ ವಿಷಯ ಬಂತು. ನಮ್ಮ ಹಾಡುಗಳಲ್ಲಿ ಎರಡಕ್ಕೆ ಸಾಹಿತ್ಯ ಅವನದ್ದು. ಹೊಸಬರನ್ನು ಇಟ್ಟುಕೊಂಡು ಹಾಡಬಹುದಾ ಅಂತ ಕೇಳಿದೆ. "ಹಾಡ್ರೋ, ಆದರೆ ಬರೆದವನು ಯಾರು ಅಂತ ಸ್ಟೇಜ್ ಮೇಲೆ ಹೇಳಿ" ಅಂದ. ಇದು ನ್ಯಾಯ ಅನಿಸಿತು. ಡಿಯಾನೊ ಹೋದ ಮೇಲೂ ಅವನು ಸೇರಿ ಬರೆದ ಹಾಡುಗಳನ್ನು ಮೇಡನ್ ಹಾಡ್ತಾನೇ ಬಂದಿದೆ, ರೆಕಾರ್ಡ್ ಮೇಲೆ ಅವನ ಹೆಸರೂ ಹಾಗೇ ಇದೆ.

ನನಗೆ ಹ್ಯಾರಿಸ್ ಕಥೆಯಲ್ಲಿ ಹಿಡಿಸಿದ್ದು ಹಟ ಅಲ್ಲ. ಒಬ್ಬೊಬ್ಬ ಹೋದಾಗಲೂ ಒಂದೊಂದು ವಿಷಯ ಖಾತ್ರಿ ಆಗ್ತಾ ಹೋಯಿತು. ಪಾಲ್ ಡೇ ಹೋದಾಗ ಮುಂದೆ ನಿಲ್ಲೋನು ಜನರನ್ನು ಹಿಡಿದಿಡಬೇಕು ಅಂತ ಗೊತ್ತಾಯಿತು. ಟೋನಿ ಮೂರ್ ಒಂದೇ ರಾತ್ರಿಗೆ ಹೋದಾಗ ಎರಡು ಗಿಟಾರೇ ಬೇಕು ಅಂತ ಆಯಿತು (ಅಕ್ಕ, ಕ್ಷಮಿಸಿ). ಸ್ಟ್ರಾಟನ್ ಹೋದಾಗ ಎಷ್ಟು ಮೆತ್ತಗಾದರೆ ಅದು ಮೇಡನ್ ಅಲ್ಲ ಅಂತ ಗೊತ್ತಾಯಿತು. ನಮ್ಮ ಬ್ಯಾಂಡಲ್ಲಿ ಜನ ಹೋದರು, ಏನೂ ಖಾತ್ರಿ ಆಗಲಿಲ್ಲ. ನಾವು ಏನು ನುಡಿಸ್ತೀವಿ ಅಂತ ನಮಗೇ ಗೊತ್ತಿಲ್ಲ. ಒಂದು ಕಾಲೇಜು ಫೆಸ್ಟಿನಲ್ಲಿ ನಮ್ಮ ಸ್ವಂತ ಹಾಡಿನ ಮಧ್ಯೆ ಮೈಕ್ ಆಫ್ ಮಾಡಿ, ಸಿನಿಮಾ ಹಾಡು ಬರುತ್ತಾ ಅಂತ ಕೇಳಿದರು. ಬರುತ್ತೆ ಅಂದೆವು. ಹಾಡಿಯೂ ಬಿಟ್ಟೆವು.

ಕೀಬೋರ್ಡ್ ಅಕ್ಕ

ಕ್ಷಮಿಸಿದ್ದೀನಿ. ಸಿನಿಮಾ ಹಾಡಿಗೇನು ಕಮ್ಮಿ ಆಗಿದೆಯಪ್ಪಾ? ನನ್ನ ಮನೆ ನಡೆಯೋದು ಅದರಿಂದಲೇ. ಆದರೆ ಮೈಕ್ ಆಫ್ ಮಾಡಿದ್ದು ತಪ್ಪು.

ಹಳೇ ಕ್ಯಾಸೆಟ್

ಹದಡಿ ತಮ್ಮಾ, ಡೆಮೊ ಮಾಡಿ. ಇರೋ ಇಬ್ಬರೇ ಮಾಡಿ, ಡ್ರಮ್ಸ್ ಬೇಕಾದರೆ ಯಾರನ್ನಾದರೂ ಎರಡು ದಿನಕ್ಕೆ ಕರೆಸಿ. ಮೇಡನ್ ಮೂರು ವರ್ಷ ಪಬ್ಬಿಂದ ಪಬ್ಬಿಗೆ ತಿರುಗಿದರೂ ಹೊರಗಿನವರಿಗೆ ಗೊತ್ತಾಗಿದ್ದು ಟೇಪ್ ಕೈಯಿಂದ ಕೈಗೆ ಹೋದ ಮೇಲೇ. ಈಗ ಮಾಸ್ಟರ್ ಟೇಪ್ ಅಳಿಸಿಹೋಗೋ ಭಯವೂ ಇಲ್ಲ. ಆದರೂ ಎರಡು ಕಡೆ ಕಾಪಿ ಇಡಿ.

ಇನ್ನೊಂದು. 1983ರಿಂದ 1988ರವರೆಗೆ ಅದೇ ಐದು ಜನ ನಾಲ್ಕು ಸ್ಟುಡಿಯೋ ಆಲ್ಬಂ ಮಾಡಿದರು. ಜನ ಮೇಡನ್ ಅಂದಾಗ ನೆನೆಸಿಕೊಳ್ಳೋದು ಆ ಐವರನ್ನೇ. ಅಲ್ಲಿಗೂ ಮುಗಿಯಲಿಲ್ಲ. 1990ರಲ್ಲಿ ಏಡ್ರಿಯನ್ ಬಿಟ್ಟ, ಯಾನಿಕ್ ಗರ್ಸ್ ಬಂದ. 1993ರಲ್ಲಿ ಬ್ರೂಸ್ ಬಿಟ್ಟ, ಬ್ಲೇಜ್ ಬೇಲಿ ಎರಡು ಆಲ್ಬಂ ಹಾಡಿದ. 1999ರಲ್ಲಿ ಬ್ರೂಸ್, ಏಡ್ರಿಯನ್ ಇಬ್ಬರೂ ವಾಪಸ್. ಆಗ ಯಾನಿಕ್‌ನನ್ನು ಕಳಿಸಲಿಲ್ಲ, ಮೂರು ಗಿಟಾರ್ ಇಟ್ಟುಕೊಂಡರು. ಕೋಟೆಯವರು ಹೇಳಿದ ಮಾಲೀಕ ಅಷ್ಟೊತ್ತಿಗೆ ಸ್ವಲ್ಪ ಮೆತ್ತಗಾಗಿದ್ದ ಅನಿಸುತ್ತೆ.

2007ರ ಮಾರ್ಚ್ 17ಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ನಾನು ಅವರನ್ನು ನೋಡಿದೆ. ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಒಂದು ಗುಂಪೇ ಹೋಗಿದ್ದೆವು. ಆರು ಜನ ಸ್ಟೇಜ್ ಮೇಲಿದ್ದರು. ಆ ಆರು ಜನರಲ್ಲಿ 1975ರ ಕ್ರಿಸ್ಮಸ್‌ನಿಂದ ಇದ್ದವನು ಒಬ್ಬನೇ. ಒಂದು ಕಾಲು ಸ್ಟೇಜ್ ಅಂಚಿನ ಮಾನಿಟರ್ ಸ್ಪೀಕರ್ ಮೇಲಿಟ್ಟು, ಬೇಸನ್ನು ಬಂದೂಕಿನ ಹಾಗೆ ನಮ್ಮ ಕಡೆ ತಿರುಗಿಸಿ ಎಲ್ಲ ಹಾಡನ್ನೂ ಬಾಯಲ್ಲೇ ಹೇಳಿಕೊಳ್ಳುತ್ತಿದ್ದ. ಮೈಕ್ ದೂರ ಇತ್ತು.

ಕೋಟೆ ಕಡೆಯವ

ಮೆತ್ತಗಾಗಿದ್ದು ನಿಜ. 2022ರಲ್ಲಿ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಮೇಡನ್ ಕಾರ್ಯಕ್ರಮಕ್ಕೆ ಡಿಯಾನೊ ಹೋಗಿದ್ದ, ಹ್ಯಾರಿಸ್ ಬಂದು ಭೇಟಿಯಾದ. ಫೋಟೋ ಇದೆ, ಇಬ್ಬರೂ ನಗ್ತಿದ್ದಾರೆ. ಆದರೂ ನನ್ನ ವಾದ ವಾಪಸ್ ತಗೊಳ್ಳಲ್ಲ.

ಡಬಲ್ ಪೆಡಲ್

ಹದಡಿ, ನಾನಿರೋದು ದುರ್ಗದಲ್ಲಿ. ಅರವತ್ತು ಕಿಲೋಮೀಟರ್ ದೊಡ್ಡದಲ್ಲ, ಭಾನುವಾರ ಬರಬಹುದು. ಷರತ್ತು ಒಂದೇ: ಸ್ವಂತ ಹಾಡು ಮೊದಲು, ಕವರ್ (ಬೇರೆಯವರ ಹಾಡು) ಆಮೇಲೆ. ಡ್ರಮ್ ಸೆಟ್ ನಿಮ್ಮದಿದೆಯಾ?

ಹದಡಿ ರಸ್ತೆ ಬೇಸ್

ಇದೆ ಅಣ್ಣ, ಹೋದವನು ಬಿಟ್ಟು ಹೋಗಿದ್ದಾನೆ. ಸ್ನೇರ್ ತೊಗಲು ಹರಿದಿದೆ, ಹೈ-ಹ್ಯಾಟ್ ಸ್ಟ್ಯಾಂಡ್ ಒಂದು ಕಡೆ ವಾಲುತ್ತೆ. ಪೆಡಲ್ ಒಂದೇ ಇರೋದು.

ಡಬಲ್ ಪೆಡಲ್

ಸಾಕು. ಸ್ನೇರ್ ನಾನೇ ತರ್ತೀನಿ. ಗಿಟಾರಿಸ್ಟ್‌ಗೆ ಹೇಳಿ, ಮತ್ತೆ ಅರ್ಧಕ್ಕೇ ಎದ್ದು ಹೋಗೋದು ಬೇಡ.